ಬಾಣಂತಿಗೆ ಗಾಳಿ ತಾಗಬಾರದು

ಬಾಡಿಗೆ ಮನೆ ನೋಡಲು ಹೋದರೆ ನಮ್ಮ ವಿಜಯಪುರದ ಕಡೆಯವರು ಮೊದಲು ನಲ್ಲಿ ತಿರುಗಿಸುತ್ತೇವೆ. ಬಾಗಿಲು ಯಾವ ದಿಕ್ಕಿಗಿದೆ, ದೇವರ ಮೂಲೆ ಎಲ್ಲಿ ಎಂಬುದೆಲ್ಲ ಆಮೇಲಿನ ಮಾತು. ನೀರು ಭರ್ರನೆ ಬಂತೆಂದರೆ ನಮ್ಮ ಮುಖ ಅರಳುತ್ತದೆ, ಅಲ್ಲಿಗೆ ಮನೆ ಒಪ್ಪಿಗೆಯಾದಂತೆ. ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವರು ನಾವು. ನೀರಿರುವ ಮನೆಯಲ್ಲಿ ಇನ್ನೇನು ಕೊರತೆ ಇದ್ದೀತು ಎಂದುಕೊಳ್ಳುತ್ತೇವೆ. ಮನೆಗೆ ಗಾಳಿಯೂ ಬೇಕು ಎಂದು ಕೇಳುವುದು ನಮಗೆ ತೋಚುವುದೇ ಇಲ್ಲ. ಗಾಳಿಗೇನು, ಪುಕ್ಕಟೆ, ಎಲ್ಲ ಕಡೆಯೂ ಇರುತ್ತದೆ.

ನಾಶಿಕದ ಆ ಮನೆಯನ್ನು ಹಿಡಿದದ್ದೂ ಹೀಗೆಯೇ. ನನ್ನ ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞ. ಕೆಲಸಕ್ಕೆ ಹತ್ತಿರವಾಗಲಿ ಎಂದು ಆ ರಸ್ತೆಯ ಕಡೆಯ ಬಡಾವಣೆಯೊಂದರಲ್ಲಿ ಎರಡನೇ ಮಹಡಿಯ ಮನೆ ನೋಡಲು ಹೋದೆವು. ಮಾಲೀಕ ನಿವೃತ್ತಿಯಾದ ಮನುಷ್ಯ, ಕೆಳಗಿನ ಮನೆಯಲ್ಲಿ ಇರುತ್ತಿದ್ದ. ನಾವು ಅವನನ್ನು ಕಾಕಾ ಎನ್ನುತ್ತಿದ್ದೆವು, ಅವನು ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ನಮ್ಮ ಮಾತು ಕೇಳಿ ಎಲ್ಲಿಯವರೆಂದು ಅವನಿಗೆ ತಿಳಿಯಿತೋ ಏನೋ, ಕೋಣೆ ತೋರಿಸುವ ಮೊದಲೇ ಗಚ್ಚಿನ ಮೇಲೆ, ತಾರಸಿಗೆ, ಕರೆದೊಯ್ದ. ಅಲ್ಲಿ ನೀರಿನ ಎರಡು ದೊಡ್ಡ ಕಪ್ಪು ಟಾಕಿಗಳು. ಒಂದರ ಹೊಟ್ಟೆಯ ಮೇಲೆ ಎಮ್ಮೆಯ ಮೈ ತಟ್ಟಿದಂತೆ ತಟ್ಟಿ, ಇಪ್ಪತ್ನಾಲ್ಕು ತಾಸು ನೀರು ವಹಿನಿ, ಎಂದ. ನಾವಿಬ್ಬರೂ ಟಾಕಿಯನ್ನು ದೇವರನ್ನು ನೋಡಿದ ಹಾಗೆ ನೋಡಿದೆವು. ಟಾಕಿ ಯಾವುದರ ಮೇಲೆ ಕೂತಿದೆ ಎಂದು ನೋಡಲಿಲ್ಲ.

ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದೆವು. ಆ ಕರಾರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಗೋಡೆಗೆ ಮೊಳೆ ಹೊಡೆಯಬಾರದು. ಮಾಂಸ ಬೇಯಿಸಬಾರದು. ಬೀಗರು ಬಂದರೆ ಹೆಚ್ಚು ದಿನ ಇರಬಾರದು. ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಹರವಬಾರದು. ಮನೆ ಬಿಡುವಾಗ ಬಣ್ಣ ಹಚ್ಚಿಸಿ ಕೊಡಬೇಕು. ಬಾಡಿಗೆದಾರ ಏನೇನು ಮಾಡಬಾರದು ಎಂದು ಪುಟಗಟ್ಟಲೆ ಬರೆದವನಿಗೆ, ಅಡುಗೆಮನೆಯ ಹೊಗೆ ಎಲ್ಲಿಂದ ಹೊರಗೆ ಹೋಗಬೇಕು ಎಂದು ಒಂದು ಸಾಲು ಬರೆಯಲು ಶಾಯಿ ಇರಲಿಲ್ಲ. ಗೋಡೆಗೆ ಇದ್ದ ಮರ್ಯಾದೆ ಗೋಡೆಯೊಳಗಿನ ಮನುಷ್ಯರಿಗೆ ಇರಲಿಲ್ಲ.

ಅಡುಗೆಮನೆಗೆ ಒಂದು ಗೇಣು ಅಗಲದ ಕಿಟಕಿ ಇತ್ತು. ಅದು ಬೀದಿಗೆ ತೆರೆಯುತ್ತಿರಲಿಲ್ಲ, ಕಟ್ಟಡದ ನಡುವೆ ಕೊಳವೆಗಳು ಇಳಿದುಬರುವ ಒಂದು ಕತ್ತಲ ಬಾವಿಗೆ ತೆರೆಯುತ್ತಿತ್ತು. ಅದಕ್ಕೆ ಎಲ್ಲರೂ ಡಕ್ಟ್ ಎನ್ನುತ್ತಾರೆ. ಬಚ್ಚಲಿನ ಗೋಡೆಯ ಮೇಲ್ಭಾಗದಲ್ಲಿ ಗಾಜಿನ ಪಟ್ಟಿಗಳ ಒಂದು ಕಿಂಡಿ, ಅದೂ ಅದೇ ಬಾವಿಗೆ. ಮೇಲೆ ಆಕಾಶ ಕಾಣಬೇಕಿತ್ತು. ಕಾಣುತ್ತಿರಲಿಲ್ಲ. ನಾಲ್ಕಂತಸ್ತಿನ ಕಟ್ಟಡ, ಕತ್ತಲಿರುವುದೇ ಸಹಜ ಎಂದುಕೊಂಡೆ.

ನಮ್ಮದು ದಿನಾ ಜೋಳದ ರೊಟ್ಟಿಯ ಮನೆ. ಹಂಚು ಕೆಂಪಗೆ ಕಾಯಬೇಕು, ಹಿಟ್ಟು ಸುಡಬೇಕು, ಹೊಗೆ ಏಳಲೇಬೇಕು. ವರ್ಷಕ್ಕೊಮ್ಮೆ ಮಸಾಲೆ ಖಾರಕ್ಕೆ ಒಣಮೆಣಸಿನಕಾಯಿ ಹುರಿಯುವ ದಿನವಂತೂ ಮನೆಯವರೆಲ್ಲ ಕೆಮ್ಮುತ್ತ ಸೀನುತ್ತ ಬೀದಿಗೆ ಓಡುವುದು ನಮ್ಮೂರಲ್ಲಿ ಹಬ್ಬದಷ್ಟೇ ಸಹಜ. ಇಲ್ಲಿ ಹೊಗೆ ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಕಿಟಕಿಗೆ ಸಣ್ಣ ಫ್ಯಾನ್ ಕೂರಿಸಿದೆವು; ಅದು ಗರಗರ ತಿರುಗಿ ಹೊಗೆಯನ್ನು ಡಕ್ಟಿಗೆ ನೂಕುತ್ತಿತ್ತು, ಡಕ್ಟ್ ಅದನ್ನು ಬಚ್ಚಲಿನ ಕಿಂಡಿಯಿಂದ ನಮಗೇ ವಾಪಸು ಕೊಡುತ್ತಿತ್ತು. ಸ್ನಾನಕ್ಕೆ ಹೋದರೆ ಸಾಬೂನಿಗಿಂತ ಮೊದಲು ಒಗ್ಗರಣೆಯ ವಾಸನೆ. ನಾವು ನಕ್ಕೆವು. ನೋಡ್ರಿ, ನಮ್ಮ ಬಚ್ಚಲದಾಗೂ ಬ್ಯಾಳಿ ಕುದಿಯಾಕತ್ತೈತಿ, ಎಂದು ಗಂಡನಿಗೆ ತಮಾಷೆ ಮಾಡಿದೆ. ಸಾವು ಮನೆಯೊಳಗೆ ಹೆಜ್ಜೆ ಇಟ್ಟಾಗ ನಾವು ಅದನ್ನು ಒಗ್ಗರಣೆ ಎಂದು ತಮಾಷೆ ಮಾಡಿದವರು.

ಕಾಕಾನನ್ನು ಒಮ್ಮೆ ಕೇಳಿದೆ. ಡಕ್ಟ್ ಮೇಲೆ ಏನಾದರೂ ಮುಚ್ಚಿದೆಯೇ ಎಂದೆ. ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ. ಪಾರಿವಾಳದ ಕಾಟ ವಹಿನಿ, ಸ್ವಲ್ಪ ಬಂದೋಬಸ್ತ್ ಮಾಡಿದ್ದೇನೆ, ನೋಡೋಣ, ಎಂದ. ಆಮೇಲೆ ಸಣ್ಣಗೆ ನಕ್ಕು, ನೀವು ಕರ್ನಾಟಕದವರು ಖಾರ ಜಾಸ್ತಿ ತಿನ್ನುತ್ತೀರಿ, ಸ್ವಲ್ಪ ಕಡಿಮೆ ಹುರಿಯಿರಿ, ಎಂದು ಸೇರಿಸಿದ. ತಪ್ಪು ಅವನ ಕಟ್ಟಡದ್ದಲ್ಲ, ನಮ್ಮ ನಾಲಿಗೆಯದು. ನಾನೂ ತಲೆ ತಗ್ಗಿಸಿ ಮೇಲೆ ಬಂದೆ. ಬಾಡಿಗೆದಾರರ ಕುತ್ತಿಗೆಗೆ ತಗ್ಗುವುದು ರೂಢಿಯಾಗಿಬಿಟ್ಟಿರುತ್ತದೆ.

ಬಚ್ಚಲಲ್ಲಿ ಗ್ಯಾಸ್ ಗೀಝರ್ ಇತ್ತು. ಅದನ್ನು ಅವನು ದೊಡ್ಡ ಸೌಲಭ್ಯವೆಂದು ತೋರಿಸಿದ್ದ. ನಲ್ಲಿ ತಿರುಗಿಸಿದರೆ ಸಾಕು, ಒಳಗೆ ನೀಲಿ ಬೆಂಕಿ ಹೊತ್ತಿಕೊಂಡು ಕೊತಕೊತ ನೀರು. ನಾಶಿಕದ ಚಳಿ ಅನುಭವಿಸಿದವರಿಗೆ ಗೊತ್ತು. ದ್ರಾಕ್ಷಿ ಹಣ್ಣಾಗುವ ಆ ತಿಂಗಳುಗಳಲ್ಲಿ ಬೆಳಿಗ್ಗೆ ನೀರು ಮುಟ್ಟಿದರೆ ಬೆರಳು ಕಚ್ಚುತ್ತದೆ. ಆ ಗೀಝರಿಗೆ ನಾನು ದಸರೆಯಲ್ಲಿ ಅರಿಶಿನ ಕುಂಕುಮ ಹಚ್ಚಿ ಪೂಜೆ ಕೂಡ ಮಾಡಿದೆ.

ಅದೇ ಚಳಿಗಾಲಕ್ಕೆ ಮಗಳ ಚೊಚ್ಚಲ ಹೆರಿಗೆ. ಅವಳನ್ನು ಛತ್ರಪತಿ ಸಂಭಾಜಿನಗರಕ್ಕೆ ಕೊಟ್ಟಿದ್ದೇವೆ. ಅಳಿಯ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ, ನಮ್ಮ ಕಡೆಯ ಮನೆತನವೇ. ಚೊಚ್ಚಲು ತವರಲ್ಲೇ ಆಗಬೇಕು. ನಮ್ಮ ತವರು ಎಂದರೆ ಆ ಬಾಡಿಗೆ ಮನೆಯೇ. ಹೆಣ್ಣುಕೂಸು ಹುಟ್ಟಿತು. ಬಾಣಂತನಕ್ಕೆ ಊರಿನಿಂದ ನನ್ನ ಅವ್ವ ಬಂದಳು, ಗಂಟಿನಲ್ಲಿ ಬಜೆ, ಅಳವಿ, ಅಂಟು, ಕೊಬ್ಬರಿ, ಹಳೆಯ ಮೆತ್ತನೆಯ ಸೀರೆಗಳು. ಬಸ್ಸಿನಿಂದ ಇಳಿದವಳೇ ಮನೆಯನ್ನೆಲ್ಲ ಒಮ್ಮೆ ಸುತ್ತಿ ನೋಡಿ, ಗಾಳಿ ಬರ್ತೈತಿ ಇಲ್ಲಿ, ಎಂದು ಬಾಲ್ಕನಿಯ ಬಾಗಿಲು ಹಾಕಿಸಿದಳು.

ನಮ್ಮಲ್ಲಿ ಬಾಣಂತಿಗೆ ಗಾಳಿ ತಾಗಬಾರದು. ಅದು ಶಾಸ್ತ್ರಕ್ಕಿಂತ ದೊಡ್ಡದು. ಕಿವಿಗೆ ಹತ್ತಿ, ತಲೆಗೆ ಬಿಗಿದ ಪಾವಡ, ಕಾಲಿಗೆ ಕಾಲುಚೀಲ, ಹೊರಸಿನ ಕೆಳಗೆ ಕೆಂಡ. ಗಾಳಿ ಹೊಕ್ಕರೆ ಸನ್ನಿ ಆಗುತ್ತದೆ, ಮುದುಕಿಯಾದ ಮೇಲೆ ಸಂದು ಹಿಡಿಯುತ್ತದೆ, ಎದೆಹಾಲು ಕೆಡುತ್ತದೆ. ಅವ್ವ ಏಳು ಹೆತ್ತವಳು, ಊರಿನ ಅರ್ಧ ಹೆಂಗಸರ ಬಾಣಂತನ ಮಾಡಿದವಳು. ಅವಳ ಮಾತಿಗೆ ಎದುರಾಡುವ ಗಂಟಲು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಊರಿನಲ್ಲಿ ಅದು ನಡೆಯುತ್ತಿತ್ತು, ಏಕೆಂದರೆ ಊರಿನ ಬಚ್ಚಲು ಎಷ್ಟು ಮುಚ್ಚಿದರೂ ಮುಚ್ಚುತ್ತಿರಲಿಲ್ಲ. ಹೆಂಚಿನ ಸಂದಿಯಿಂದ, ಬಾಗಿಲ ಬಿರುಕಿನಿಂದ, ಬಚ್ಚಲ ತೂಬಿನಿಂದ ಗಾಳಿ ತನ್ನ ಪಾಡಿಗೆ ಬಂದು ಹೋಗುತ್ತಿತ್ತು. ನೀರು ಕಾಯುವ ಒಲೆಯೂ ಹೊರಗೆ ಪಡಸಾಲೆಯಲ್ಲಿ ಇರುತ್ತಿತ್ತು. ಕಾಂಕ್ರೀಟಿನ ಡಬ್ಬಿಗೆ ಅವ್ವನ ಶಾಸ್ತ್ರ ಗೊತ್ತಿರಲಿಲ್ಲ, ಅವ್ವನಿಗೆ ಕಾಂಕ್ರೀಟಿನ ಡಬ್ಬಿ ಗೊತ್ತಿರಲಿಲ್ಲ.

ಬಚ್ಚಲಿನ ಕಿಂಡಿಯ ಗಾಜಿನ ಪಟ್ಟಿಗಳ ನಡುವೆ ಅವ್ವ ಹಳೆಯ ಸೀರೆಯ ತುಂಡುಗಳನ್ನು ತುರುಕಿದಳು. ಬಾಗಿಲ ಕೆಳಗಿನ ಸಂದಿಗೆ ಒಂದು ಗೋಣಿತಾಟು. ದಿನಾ ಬೆಳಿಗ್ಗೆ ಮೊದಲು ಮಗಳಿಗೆ ಎರೆಯುವುದು, ಮೈ ಕೆಂಪಾಗುವಷ್ಟು ಬಿಸಿನೀರು. ಆಮೇಲೆ ನಾನು ಕೂಸನ್ನು ಒಳಗೆ ಕೊಡುವುದು, ಅವ್ವ ಮಣೆಯ ಮೇಲೆ ಕಾಲು ಚಾಚಿ ಕೂತು ಕಾಲ ಮೇಲೆ ಕೂಸನ್ನು ಹಾಕಿಕೊಂಡು ಎರೆಯುವುದು. ಚಳಿಯಲ್ಲಿ ಆಚೆ ಈಚೆ ಓಡಾಡಬಾರದೆಂದು ಮಗಳು ಅಲ್ಲೇ ಸ್ಟೂಲಿನ ಮೇಲೆ ಹೊದ್ದು ಕೂರುತ್ತಿದ್ದಳು. ಅಷ್ಟು ಹೊತ್ತೂ ಗೀಝರ್ ಉರಿಯುತ್ತಲೇ ಇರುತ್ತಿತ್ತು.

ಎರಡು ಮೂರು ದಿನ ಮಗಳು ಹೊರಗೆ ಬಂದು ತಲೆ ಹಿಡಿದುಕೊಂಡಳು. ನಾಶಿಕದಲ್ಲೇ ಬೆಳೆದ ಹುಡುಗಿ, ಅವಳ ಕನ್ನಡದಲ್ಲಿ ಮರಾಠಿ ಬೆರೆತಿರುತ್ತದೆ. ಮಮ್ಮಿ, ಡೋಕಂ ಭಾಳ ದುಖತೈತಿ, ಚಕ್ಕರ್ ಬಂದಂಗ ಆಗತೈತಿ, ಎಂದಳು. ಹಸಿ ಮೈ, ರಕ್ತ ಹೋಗಿದೆ, ಆಗುತ್ತದೆ ಎಂದು ನಾವು ಹಾಲು, ಅಳವಿ ಹೆಚ್ಚು ಮಾಡಿದೆವು. ಅವ್ವ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು.

ಆ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋಗಿದ್ದ. ಕೂಸನ್ನು ಒಳಗೆ ಕೊಟ್ಟು ಬಂದು ನಾನು ಅಂಟಿನುಂಡಿಗೆ ಕೊಬ್ಬರಿ ಹುರಿಯುತ್ತಿದ್ದೆ. ಅವ್ವ ಕೂಸಿಗೆ ಎರೆಯುವಾಗ ಬಾಯಿ ಮುಚ್ಚಿದವಳಲ್ಲ. ಮೂಗು ಎತ್ತರ ಆಗಲಿ, ಹಣಿ ಅಗಲ ಆಗಲಿ, ಅತ್ತಿ ಬಾಯಿಗೆ ಬೀಗ ಬೀಳಲಿ ಎಂದು ಹಾಡಿನಂತೆ ಹೇಳುತ್ತಲೇ ಇರುತ್ತಾಳೆ, ಕೂಸು ಅದಕ್ಕೆ ಸರಿಯಾಗಿ ಕಿರುಚುತ್ತಿರುತ್ತದೆ. ಕೊಬ್ಬರಿ ಕೆಂಪಾಗುವ ಹೊತ್ತಿಗೆ ನನಗೆ ಏನೋ ಕಡಿಮೆಯಾದಂತೆ ಅನಿಸಿತು. ಕೂಸು ಅಳುತ್ತಿರಲಿಲ್ಲ. ಅವ್ವನೂ ಮಾತಾಡುತ್ತಿರಲಿಲ್ಲ. ನಲ್ಲಿಯ ನೀರು ಮಾತ್ರ ಸುರಿಯುತ್ತಿತ್ತು.

ಅವ್ವಾ, ಎಂದು ಕೂಗಿದೆ. ಬಾಗಿಲು ಬಡಿದೆ. ಒಳಗಿನಿಂದ ಅಗುಳಿ. ಇನ್ನೊಮ್ಮೆ ಬಡಿಯಲಿಲ್ಲ, ಒದ್ದೆ. ಬಾಡಿಗೆ ಮನೆಗೆ ಸಾಗುವಾನಿ ಯಾಕೆ ಎಂದು ಕಾಕಾ ಬಚ್ಚಲಿಗೆ ಪ್ಲಾಸ್ಟಿಕ್ಕಿನ ಅಗ್ಗದ ಬಾಗಿಲು ಹಾಕಿಸಿದ್ದ. ಅವನ ಜಿಪುಣತನದಿಂದ ನನಗಾದ ಒಂದೇ ಒಂದು ಉಪಕಾರ ಅದು. ಎರಡನೇ ಒದೆತಕ್ಕೆ ಅಗುಳಿ ಕಿತ್ತು ಬಂತು.

ಹಬೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಅವ್ವ ಗೋಡೆಗೆ ಒರಗಿದ್ದಳು, ತಲೆ ಒಂದು ಕಡೆ ವಾಲಿತ್ತು, ಕೈ ಇನ್ನೂ ಕೂಸಿನ ಹೊಟ್ಟೆಯ ಮೇಲಿತ್ತು. ಮಗಳು ಸ್ಟೂಲಿನಿಂದ ಜಾರಿ ಬಕೆಟ್ಟಿನ ಮೇಲೆ ಬಿದ್ದಿದ್ದಳು. ಮೇಲೆ ಗೀಝರಿನಲ್ಲಿ ಬೆಂಕಿ ಏನೂ ಆಗದವರ ಹಾಗೆ ಉರಿಯುತ್ತಿತ್ತು. ಕೂಸನ್ನು ಎತ್ತಿಕೊಂಡು ಬಾಲ್ಕನಿಗೆ ಓಡಿದೆ, ಅವ್ವ ಹಾಕಿಸಿದ್ದ ಆ ಬಾಗಿಲನ್ನು ಬಡಿದು ತೆರೆದೆ. ಬತ್ತಲೆ ಕೂಸು, ಹೊರಗೆ ಕೊರೆಯುವ ಗಾಳಿ. ಗಾಳಿ ತಾಗಲಿ, ತಾಗಲಿ, ತಾಗಲಿ ಎಂದು ನಾನು ಬಾಯಿಬಿಟ್ಟು ಹೇಳುತ್ತಿದ್ದೆನಂತೆ. ಎದುರು ಮನೆಯವರು ಆಮೇಲೆ ಹೇಳಿದ್ದು. ಕೂಸು ಒಮ್ಮೆ ಬಿಕ್ಕಿತು, ಆಮೇಲೆ ಅತ್ತಿತು. ಅಷ್ಟು ಚೆಂದದ ಅಳುವನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಎದುರು ಮನೆಯವರೇ ಮಗಳನ್ನೂ ಅವ್ವನನ್ನೂ ಎಳೆದು ಹೊರಗೆ ಹಾಕಿದರು, ಅವರ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ಮೂವರಿಗೂ ಮೂಗಿಗೆ ನಳಿಗೆ ಹಾಕಿದರು. ಬದುಕಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ಸಿಟ್ಟಿನಲ್ಲಿದ್ದರು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ವಿಷಗಾಳಿ ಆಗುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ, ತಲೆ ನೋಯುತ್ತದೆ, ನಿದ್ದೆ ಬಂದಂತಾಗುತ್ತದೆ, ಮುಗಿಯಿತು, ಎಂದರು. ಪ್ರತಿ ಚಳಿಗಾಲಕ್ಕೂ ಇಂಥವರು ಬರುತ್ತಾರೆ, ಎಲ್ಲರೂ ನಿಮ್ಮಷ್ಟು ಬೇಗ ಬರುವುದಿಲ್ಲ, ಎಂದರು. ಒಣಮೆಣಸಿನಕಾಯಿಯ ಹೊಗೆಗೆ ಇಡೀ ಕಟ್ಟಡ ಕೆಮ್ಮಿ ಜಗಳಕ್ಕೆ ಬಂದಿತ್ತು. ಕೊಲ್ಲುವ ಗಾಳಿಗೆ ಒಬ್ಬರೂ ಸೀನಿರಲಿಲ್ಲ.

ಸಂಜೆ ಬಟ್ಟೆ ತರಲೆಂದು ಮನೆಗೆ ಬಂದೆ. ಮನೆಯೊಳಗೆ ಹೋಗಲಿಲ್ಲ, ನೇರ ಗಚ್ಚಿಗೆ ಹತ್ತಿದೆ. ಈಗ ನೋಡಬೇಕಾದುದನ್ನು ನೋಡಿದೆ. ಡಕ್ಟಿನ ಬಾಯಿಗೆ ಪೂರ್ತಿ ಕಾಂಕ್ರೀಟಿನ ಹಲಗೆ ಹಾಕಿ, ಸಿಮೆಂಟಿನಿಂದ ಅಂಚು ಬಳಿದು, ಅದರ ಮೇಲೆ ಎರಡನೇ ಟಾಕಿಯನ್ನು ಕೂರಿಸಿದ್ದ. ನಮ್ಮನ್ನು ಮರುಳು ಮಾಡಿದ ಆ ನೀರು ನಮ್ಮ ಉಸಿರಿನ ಕೊರಳ ಮೇಲೆ ಕೂತಿತ್ತು. ಪಾರಿವಾಳದ ಬಂದೋಬಸ್ತಂತೆ!

ಕೆಳಗಿಳಿದು ಕಾಕಾನ ಬಾಗಿಲು ಬಡಿದೆ. ಅವನಿಗೆ ಸುದ್ದಿ ಗೊತ್ತಿತ್ತು. ಕೂಸು ಹೇಗಿದೆ ಎಂದು ಕೇಳಲಿಲ್ಲ. ಅಹೋ ವಹಿನಿ, ಎಂದು ಶುರು ಮಾಡಿದ, ಬಾಗಿಲು ಮುರಿದಿದ್ದೀರಿ. ನಾನು ಟಾಕಿಯ ಮಾತೆತ್ತಿದೆ. ಅವನು ಮುಖ ಗಟ್ಟಿ ಮಾಡಿಕೊಂಡ. ನಕ್ಷೆ ಪಾಸಾಗಿದೆ, ನಕ್ಷೆಯಲ್ಲಿ ಡಕ್ಟ್ ತೆರೆದೇ ಇದೆ, ಬೇಕಾದರೆ ನೋಡಿ, ಎಂದ. ನಕ್ಷೆಯಲ್ಲಿ ತೆರೆದಿದೆ! ನಾವು ನಕ್ಷೆಯಲ್ಲಿ ಸ್ನಾನ ಮಾಡಬೇಕಿತ್ತು. ಆಮೇಲೆ ಅವನು ತನ್ನ ಕೊನೆಯ ಮಾತು ತೆಗೆದ. ನಿಮ್ಮ ಮುದುಕಿ ಕಿಂಡಿಗೆ ಬಟ್ಟೆ ತುರುಕಿದ್ದಳಂತೆ, ನನ್ನ ಡಕ್ಟ್ ಏನು ಮಾಡೀತು?

ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ನನ್ನ ಅವ್ವನ ಹಳೆಯ ಸೀರೆ ಅವನಿಗೆ ಆ ಪಿಳ್ಳೆ ಆಯಿತು. ಅವ್ವ ತುರುಕಿದ್ದು ಹೌದು. ಆದರೆ ಅವಳ ಬಟ್ಟೆಯನ್ನು ಎಳೆದರೆ ಬರುತ್ತದೆ, ಇವನ ಕಾಂಕ್ರೀಟು ಎಳೆದರೆ ಬರುತ್ತದೆಯೇ? ಅವ್ವ ಪ್ರೀತಿಯಿಂದ ಮಾಡಿದ್ದನ್ನು ಅರಿಯದೆ ಮಾಡಿದಳು, ಇವನು ಅರಿತೂ ಅರಿತೂ ಟಾಕಿ ಕೂರಿಸಿದ. ಇಷ್ಟನ್ನು ನಾನು ಕನ್ನಡ, ಮರಾಠಿ, ಹಿಂದಿ ಮೂರೂ ಕಲಸಿ ಅವನ ಬಾಗಿಲಲ್ಲಿ ನಿಂತು ಕೂಗಿದೆ. ಮಹಡಿ ಮಹಡಿಯಿಂದ ಜನ ಇಣುಕಿದರು. ಇಣುಕಿದವರ ಬಚ್ಚಲುಗಳೂ ಅದೇ ಡಕ್ಟಿಗೇ ತೆರೆಯುತ್ತಿದ್ದವು. ಒಬ್ಬರೂ ಕೆಳಗೆ ಬರಲಿಲ್ಲ. ಬಾಡಿಗೆದಾರರು, ಪಾಪ, ಬೇರೆಯವರ ಜಗಳದಲ್ಲಿ ತಮ್ಮ ಮನೆ ಕಳೆದುಕೊಳ್ಳುವುದಿಲ್ಲ.

ಗಂಡನ ಮೇಲೂ ನನಗೆ ಕಡಿಮೆ ಸಿಟ್ಟು ಬರಲಿಲ್ಲ. ಹೋಗ್ಲಿ ಬಿಡ, ಜೀವ ಉಳಿದಾವಲ್ಲ, ಮಾಲಕರ ಕೂಡ ಜಗಳ ಬ್ಯಾಡ, ಎಂದ. ಆಮೇಲೆ ತಾನೇ ಮೆತ್ತಗೆ ಹೇಳಿದ: ಅಡುಗೆಮನೆ, ಬಚ್ಚಲು ಎರಡಕ್ಕೂ ಬಯಲಿಗೆ, ಇಲ್ಲದಿದ್ದರೆ ಮೇಲೆ ತೆರೆದ ಡಕ್ಟಿಗೆ ಕಿಟಕಿ ಇರಲೇಬೇಕೆಂದು ಕಟ್ಟಡದ ನಿಯಮವೇ ಇದೆಯಂತೆ. ಕಾರ್ಖಾನೆಯಲ್ಲಂತೂ ಬಣ್ಣ ಹಚ್ಚುವ ಕೋಣೆಯಲ್ಲಿ ಗಾಳಿಯಾಡುವ ಯಂತ್ರ ನಿಂತರೆ ಯಾರೂ ಒಳಗೆ ಕಾಲಿಡುವುದಿಲ್ಲವಂತೆ.

"ಇದೆಲ್ಲಾ ನಿಮಗ ಗೊತ್ತಿತ್ತೇನ್ರಿ?" ಎಂದೆ.

"ಗೊತ್ತಿತ್ತು. ಆದ್ರ ಅದು ಕಾರ್ಖಾನಿ. ಇದು ಮನಿ ಅಲಾ."

"ಮನ್ಯಾಗ ಇರಾವರು ಮನಶ್ಯಾರಲ್ಲೇನ್ರಿ?"

ವಿಮಾನದ ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕುವ ಮನುಷ್ಯ ಅವನು. ತನ್ನ ಬಚ್ಚಲಿನಲ್ಲಿ ಒಗ್ಗರಣೆಯ ವಾಸನೆ ಯಾಕೆ ಬರುತ್ತದೆ ಎಂದು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಅವನೂ ಅತ್ತ, ನಾನು ನೋಡಿದೆ. ನೋಡಿಯೂ ಒಂದು ವಾರ ಮಾತಾಡಿಸಲಿಲ್ಲ.

ಅವ್ವ ಆಸ್ಪತ್ರೆಯಿಂದ ಬಂದವಳು ಕೂಸನ್ನು ಮುಟ್ಟಲಿಲ್ಲ. ತೊಡೆಯ ಮೇಲೆ ಹಾಕಿದರೆ, ಬ್ಯಾಡವ್ವ, ಈ ಕೈ ಬ್ಯಾಡ, ಎಂದು ಹಿಂದಕ್ಕೆ ಸರಿದಳು. ನಾನೇನೇ ಹೇಳಿದರೂ ಕೇಳಲಿಲ್ಲ. ಊರ ಅರ್ಧಕ್ಕೆ ನೀರೆರೆದ ಕೈಯನ್ನು ತಾನೇ ಕೊಲೆಗಾರ್ತಿಯ ಕೈ ಮಾಡಿಕೊಂಡು ಬಸ್ಸು ಹತ್ತಿದಳು. ಕಾಕಾ ಅಂದು ಸಂಜೆ ಎಂದಿನಂತೆ ಗಿಡಕ್ಕೆ ನೀರು ಹಾಕುತ್ತಿದ್ದ. ಇದಕ್ಕಾಗಿ ಅವನನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ.

ಮನೆ ಬಿಟ್ಟೆವು. ಹೊಸ ಮನೆ ಹುಡುಕುವಾಗ ನಾನು ನಲ್ಲಿ ಮುಟ್ಟಲಿಲ್ಲ. ಚೀಲದಿಂದ ಊದಿನಕಡ್ಡಿ ತೆಗೆದು ಹಚ್ಚಿ, ಅಡುಗೆಮನೆಯ ಒಲೆಕಟ್ಟೆಯ ಮೇಲೆ, ಬಚ್ಚಲಿನ ನಡುವೆ ಹಿಡಿದು ನಿಲ್ಲುತ್ತಿದ್ದೆ. ಹೊಗೆ ಕಿಟಕಿಯತ್ತ ಎಳೆದುಕೊಂಡು ಹೋಗಬೇಕು. ಅಲ್ಲೇ ಸುರುಳಿ ಸುತ್ತಿ ನನ್ನ ಮುಖಕ್ಕೇ ಬಂದರೆ ಕಡ್ಡಿ ಆರಿಸಿ ಹೊರಡುತ್ತಿದ್ದೆ. ಒಬ್ಬ ಮಾಲೀಕ ಇದು ಯಾವ ದೇವರ ಪೂಜೆ ಎಂದು ಕೇಳಿದ. ಇನ್ನೊಬ್ಬಳು ಮಾಟ ಮಾಡಲು ಬಂದವಳೆಂದು ತಿಳಿದು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳಂತೆ. ದಲ್ಲಾಳಿಗಳು ನನ್ನ ಫೋನು ಎತ್ತುವುದನ್ನು ಬಿಟ್ಟರು. ಇಷ್ಟೊಂದು ಮನೆಗಳು, ಇಷ್ಟೊಂದು ಅಮೃತಶಿಲೆ, ಹೊಳೆಯುವ ನಲ್ಲಿಗಳು, ಬಣ್ಣಬಣ್ಣದ ಟೈಲ್ಸು. ಹೊಗೆ ಹೋಗಲು ದಾರಿ ಮಾತ್ರ ಇಲ್ಲ. ಕಟ್ಟುವವರಿಗೆ ಗಾಳಿ ಎಂದರೆ ಮಾರಲಾಗದೆ ಹಾಳಾದ ಜಾಗ. ಕೊನೆಗೂ ಒಂದು ಹಳೆಯ ಮನೆ ಸಿಕ್ಕಿತು, ನೀರು ಬೆಳಿಗ್ಗೆ ಮಾತ್ರ ಬರುತ್ತದೆ, ಅಡುಗೆಮನೆಯ ಕಿಟಕಿಯಿಂದ ಬೇವಿನ ಮರ ಕಾಣುತ್ತದೆ.

ಮಗಳು ಗಂಡನ ಮನೆಗೆ ಹೋಗುವ ಹೊತ್ತು ಬಂತು. ಸಂಭಾಜಿನಗರದಲ್ಲಿ ಅವರಿದ್ದದ್ದೂ ಬಾಡಿಗೆ ಮನೆ, ಅಲ್ಲಿಯ ಬಚ್ಚಲಲ್ಲೂ ಗ್ಯಾಸ್ ಗೀಝರ್. ಬಾಲ್ಕನಿಯ ಮೂಲೆಗೆ ಗೋಡೆ ಕಟ್ಟಿ ಮಾಡಿದ ಬಚ್ಚಲು ಅದು, ಕಿಂಡಿಯೇ ಇಲ್ಲ. ಅಳಿಯನಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ, ಗೀಝರ್ ಹೊರಗೆ ಹಾಕಿಸಿರಿ, ಗೋಡೆಗೆ ಕಿಂಡಿ ಕೊರೆಸಿರಿ, ಇಲ್ಲದಿದ್ದರೆ ಕೂಸನ್ನು ಕಳಿಸುವುದಿಲ್ಲ. ಆಗ್ಲಿ ಅತ್ತಿ, ಮಾಡಸ್ತೀನಿ, ಎಂದಿದ್ದ. ಒಳ್ಳೆಯ ಹುಡುಗ. ಆಗಲಿ ಎನ್ನುವುದರಲ್ಲಿ ಬಹಳ ಒಳ್ಳೆಯವನು.

ಬುತ್ತಿ, ತೊಟ್ಟಿಲು, ಸೀರೆ ಎಲ್ಲ ಕಾರಿಗೆ ಹೇರಿಕೊಂಡು ಯೇವಲಾ, ವೈಜಾಪುರದ ಮೇಲೆ ಹಾಯ್ದು ಹೋದೆವು. ಮೂರನೇ ಮಹಡಿಯ ಬಾಗಿಲಲ್ಲಿ ಬೀಗಿತಿ, ಅಳಿಯನ ತಾಯಿ, ಆರತಿಯ ತಟ್ಟೆ ಹಿಡಿದು ನಿಂತಿದ್ದರು. ದೀಪ ಹಚ್ಚಿತ್ತು. ಮೊಮ್ಮಗಳ ಮೊದಲ ಪ್ರವೇಶ. ಹೊಸಿಲಿನ ಈಚೆ ಮಗಳು ಕೂಸನ್ನೆತ್ತಿಕೊಂಡು ನಿಂತಳು. ನಾನು ಅಳಿಯನ ಮುಖ ನೋಡಿದೆ.

"ಗೀಝರ್ ಹೊರಗ ಹಾಕಸಿದ್ರೇನ್ರಿ?"

ಅವನು ತನ್ನ ಕಾಲಬೆರಳು ನೋಡಿಕೊಂಡ. "ಮುಂದಿನ ವಾರ ಅತ್ತಿ. ಮಾಲಕಿಣ ಟೈಲ್ಸ್ ಒಡೀತಾವ, ಗ್ವಾಡಿ ಕೊರೀಬ್ಯಾಡ್ರಿ ಅಂದಾಳ. ಸಮಜಾಯಿಸಿ ಹೇಳಾಕತ್ತೀನಿ."

ನಾನು ಮಗಳ ಕೈಯಿಂದ ಕೂಸನ್ನು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತೆ. "ಹಂಗಾರ ಮುಂದಿನ ವಾರ ಬರ್ತೀವಿ," ಎಂದೆ.

ಬೀಗಿತಿಯ ಮುಖ ಕೆಂಪಾಯಿತು. "ಆರತಿ ಹಿಡಕೊಂಡು ನಿಂತೀನ್ರಿ ನಾ. ದೀಪ ಆರಿದ್ರ ಕೂಸಿಗೆ ಛಲೋ ಅಲ್ಲ. ಮೊದ್ಲ ಒಳಗ ಬರ್ರಿ, ಮಾತು ಆಮ್ಯಾಲ." ನನ್ನ ಗಂಡ ನನ್ನ ಸೀರೆಯ ಸೆರಗು ಎಳೆದ. ನಾನು ಅವನ ಕೈ ಕೊಡವಿದೆ. ಬೀಗರ ಮುಂದೆ ಮರ್ಯಾದೆ ಹೋಗುತ್ತದೆ ಎಂದರೆ ಹೋಗಲಿ. ಮರ್ಯಾದೆಗೆ ಮೂಗಿಗೆ ನಳಿಗೆ ಹಾಕಿದ್ದನ್ನು ನಾನು ಕಂಡಿಲ್ಲ.

ಸದ್ದು ಕೇಳಿ ಮನೆಯ ಮಾಲಕಿ ಕೆಳಗಿನಿಂದ ಹತ್ತಿ ಬಂದಳು. ವಿಷಯ ತಿಳಿದು ಸೊಂಟದ ಮೇಲೆ ಕೈ ಇಟ್ಟಳು. ಇಷ್ಟು ವರ್ಷ ಈ ಬಚ್ಚಲಲ್ಲಿ ಎಲ್ಲರೂ ಮಿಂದಿದ್ದಾರೆ, ಒಬ್ಬರೂ ಸತ್ತಿಲ್ಲ, ಎಂದು ಮರಾಠಿಯಲ್ಲಿ ಹೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಮಗಳು ಹೊಸಿಲು ದಾಟಿದಳು. ಆರತಿ ಇಲ್ಲ, ಬಲಗಾಲು ಇಲ್ಲ, ಚಪ್ಪಲಿ ಸಮೇತ. ಒಳಗೆ ರೆಗ್ಯುಲೇಟರ್ ತಿರುವಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವಳು ಗೀಝರಿನ ಸಿಲಿಂಡರನ್ನು ಅಂಚಿನ ಮೇಲೆ ಹೊರಳಿಸುತ್ತ ತಂದು ಮಾಲಕಿಯ ಕಾಲ ಬಳಿ ನಿಲ್ಲಿಸಿದಳು. ನನ್ನ ಮೆತ್ತನೆಯ ಹುಡುಗಿ. ಅವಳಿಗೆ ಏದುಸಿರು ಬಂದಿತ್ತು.

"ಆಮ್ಹೀ ಮರ್ತಾ ಮರ್ತಾ ವಾಚಲೋ," ಎಂದಳು ಮಾಲಕಿಗೆ. ಸಾಯುತ್ತ ಸಾಯುತ್ತ ಉಳಿದವರು ನಾವು, ಎಂದು.

"ಅದೆಲ್ಲ ನಾಶಿಕದಲ್ಲಿ," ಎಂದಳು ಮಾಲಕಿ. "ಇಲ್ಲಿ ಯಾರಿಗೆ ಏನಾಗಿದೆ? ಗೋಡೆ ಕೊರೆದು ನನ್ನ ಟೈಲ್ಸ್ ಒಡೆಯಲು ನಾನು ಬಿಡುವುದಿಲ್ಲ."

ಬೀಗಿತಿ ಸೊಸೆಯನ್ನೇ ನೋಡುತ್ತಿದ್ದರು. "ಏನಾಗತೈತಿ ಅಂದಿ?" ಎಂದು ಮೆಲ್ಲಗೆ ಕೇಳಿದರು. "ಬಚ್ಚಲದಾಗ ಕುಂತಾಗ ನಿನಗ ಏನಾಗತಿತ್ತು?"

"ತಲಿ ನೋಯತಿತ್ತು ಅತ್ತಿ. ಚಕ್ಕರ್. ಝೋಪ್ ಬಂದಂಗ, ನಿದ್ದಿ ಬಂದಂಗ. ಕೈಕಾಲು ಎತ್ತಾಕ ಆಗತಿದ್ದಿಲ್ಲ."

ಬೀಗಿತಿ ತಟ್ಟೆಯನ್ನು ನೆಲಕ್ಕಿಟ್ಟರು. ಹೊಸಿಲು ದಾಟಿ ಹೊರಗೆ ಬಂದು, ಮಗನನ್ನೂ ನೋಡದೆ, ನನ್ನನ್ನೂ ನೋಡದೆ, ಮಾಲಕಿಯ ಎದುರು ನಿಂತರು. "ಹ್ವಾದ ವರ್ಷ ಥಂಡ್ಯಾಗ ನಾ ಬಿದ್ದದ್ದು ಆ ಟೈಲ್ಸ್ ಮ್ಯಾಲೇ," ಎಂದರು ಕನ್ನಡದಲ್ಲೇ. "ಒಮ್ಮೆ ಅಲ್ಲ. ಬಿದ್ದಾಗೊಮ್ಮೆ ಇವ, ನನ್ನ ಮಗ, ನಿನಗ ವಯಸ್ಸಾತು, ಉಪಾಸ ಬಿಡು ಅಂದ. ಡಾಕ್ಟರ್ ಬಿ.ಪಿ. ಅಂದ, ಗುಳಿಗಿ ಕೊಟ್ಟ. ಜಳಕಕ್ಕ ಹೋಗಾಕ ಅಂಜಿ ಅಂಜಿ ಸತ್ತೀನಿ ನಾ. ಮನಿ ದೇವ್ರಿಗೆ ಹರಕಿ ಹೊತ್ತೀನಿ."

ಮಾಲಕಿಗೆ ಆ ಮಾತು ಅರ್ಥವಾಯಿತೋ ಇಲ್ಲವೋ ತಿಳಿಯದು. ಅಳಿಯನಿಗೆ ಅರ್ಥವಾಯಿತು. ಅವನ ಮುಖ ಬಿಳಚಿಕೊಂಡಿತು, ಗೋಡೆ ಕೊರೆಯುವ ಗೌಂಡಿಯನ್ನು ಹುಡುಕಲು ಮೆಟ್ಟಿಲಿಳಿದು ಓಡಿದ. ಬೀಗಿತಿ ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು ಕೂಸಿಗಾಗಿ ಕೈ ಚಾಚಿದರು. ಕೊಟ್ಟೆ. ಅದರ ತಲೆಗೆ ಬಿಗಿದ ಕುಲಾಯಿಯನ್ನು ಅವರು ಬಿಚ್ಚಿ ತೆಗೆದರು.